ಎಳೆಯ ಗಾಲ್ಫ್ ಆಟಗಾರರಿಗೆ ಪಟಿಂಗ್ ಕಲಿಸುವ ಬಗೆ: ಮೊದಲು ವೇಗ, ಆಮೇಲೆ ದಿಕ್ಕು

ಗ್ರೀನ್ ಮೇಲೆ, ಅಂದರೆ ಹೋಲ್‌ನ ಸುತ್ತ ನುಣುಪಾಗಿ ಕತ್ತರಿಸಿದ ಹುಲ್ಲಿನ ಮೇಲೆ, ಚೆಂಡನ್ನು ಹೋಲ್‌ನತ್ತ ಉರುಳಿಸುವುದೇ ಪಟಿಂಗ್. ಪಾರ್ 72ರ, ಅಂದರೆ 18 ಹೋಲ್‌ಗಳನ್ನು 72 ಹೊಡೆತಗಳಲ್ಲಿ ಮುಗಿಸಬೇಕೆಂದು ಎಣಿಸಿದ ಗಾಲ್ಫ್ ಅಂಗಳದಲ್ಲಿ ಪ್ರತಿ ಹೋಲ್‌ಗೆ ಎರಡರಂತೆ 36 ಹೊಡೆತಗಳನ್ನು ಪಟಿಂಗ್‌ಗೆಂದೇ ಲೆಕ್ಕ ಹಿಡಿಯಲಾಗಿದೆ. ಅಂದರೆ ಅದು ಆಟದ ಅರ್ಧ ಪಾಲು. ಹೀಗಿದ್ದರೂ ಮಕ್ಕಳ ಅಭ್ಯಾಸದ ಹೆಚ್ಚಿನ ಹೊತ್ತು ದೂರದ ಹೊಡೆತಗಳನ್ನು ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್‌ನಲ್ಲೇ ಕಳೆದುಹೋಗುತ್ತದೆ. ಮನೆಗೆ ಹೊರಡುವ ಮುನ್ನ ಹತ್ತು ನಿಮಿಷ ಪಟರ್ (ಪಟಿಂಗ್‌ಗೆ ಬಳಸುವ ಕೋಲು) ಹಿಡಿದರೆ ಅದೇ ದೊಡ್ಡದು ಎಂಬಂತಾಗಿದೆ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಕಂಚಿನ ಪದಕ ಅವರಿಂದ ದೂರವಾದದ್ದು ಒಂದೇ ಒಂದು ಹೊಡೆತದಿಂದ. ಟೀಯಿಂದ, ಅಂದರೆ ಪ್ರತಿ ಹೋಲ್‌ನ ಆಟ ಆರಂಭವಾಗುವ ಜಾಗದಿಂದ, ಹೊಡೆಯುವ ದೂರದಲ್ಲಿ ತಮಗಿಂತ ಬಹಳ ಮುಂದಿದ್ದ ಆಟಗಾರ್ತಿಯರ ನಡುವೆ ಅವರು ಕೊನೆಯ ದಿನದವರೆಗೂ ಪದಕದ ಸ್ಪರ್ಧೆಯಲ್ಲಿ ಉಳಿದದ್ದಕ್ಕೆ ಅವರ ಪಟಿಂಗ್ ಮುಖ್ಯ ಕಾರಣ. ಮೈಬಲ ಇನ್ನೂ ಕೂಡಿಬರದ ವಯಸ್ಸಿನ ಮಗುವೂ ದೊಡ್ಡವರಿಗೆ ಸರಿಸಮನಾಗಿ ನಿಲ್ಲಬಹುದಾದ ಜಾಗ ಗ್ರೀನ್ ಒಂದೇ ಆದ್ದರಿಂದ, ತರಬೇತಿಯೂ ಅಲ್ಲಿಂದಲೇ ಆರಂಭವಾಗಬೇಕು.

ಮೊದಲು ಪಟರ್‌ನ ಅಳತೆ ನೋಡಿ. ದೊಡ್ಡವರ ಪಟರ್ ಸಾಮಾನ್ಯವಾಗಿ 33ರಿಂದ 35 ಇಂಚು ಉದ್ದವಿರುತ್ತದೆ. ಅದನ್ನೇ ಮಗುವಿನ ಕೈಗೆ ಕೊಟ್ಟರೆ ಹಿಡಿಯ ತುದಿ ಹೊಟ್ಟೆಗೆ ತಗಲುತ್ತದೆ, ಪಟರ್ ತಲೆಯ ಹೊರತುದಿ ನೆಲ ಬಿಟ್ಟು ಮೇಲೇಳುತ್ತದೆ, ಮಗು ಅದನ್ನು ಸರಿದೂಗಿಸಲು ಮೊಣಕೈಗಳನ್ನು ಹೊರಕ್ಕೆ ಚಾಚುತ್ತದೆ. ಇಂತಹ ನಿಲುವನ್ನು ಮಾತಿನಿಂದ ತಿದ್ದಲು ಹೊರಡುವುದು ವ್ಯರ್ಥ. ಮಗು ಸೊಂಟದಿಂದ ಸ್ವಲ್ಪ ಬಾಗಿ, ತೋಳುಗಳನ್ನು ಸಡಿಲವಾಗಿ ಇಳಿಬಿಟ್ಟಾಗ ಅಂಗೈ ಬರುವ ಜಾಗದಲ್ಲಿ ಹಿಡಿ ಇರಬೇಕು, ಪಟರ್‌ನ ತಳ ನೆಲಕ್ಕೆ ಸಮವಾಗಿ ಕೂರಬೇಕು, ಕಣ್ಣುಗಳು ಚೆಂಡಿನ ನೇರ ಮೇಲೆ ಅಥವಾ ತುಸು ಒಳಬದಿಗೆ ಇರಬೇಕು. ಬೆಳೆಯುವ ಮಕ್ಕಳಾದ್ದರಿಂದ ಕೆಲವು ತಿಂಗಳಿಗೊಮ್ಮೆ ಇದನ್ನು ಮತ್ತೆ ನೋಡಬೇಕಾಗುತ್ತದೆ. ಹಿಡಿತದ ಬಗ್ಗೆ ನನಗೆ ಹೆಚ್ಚಿನ ಹಟವಿಲ್ಲ. ಎಡಗೈ ಕೆಳಗಿರಲಿ, ಬಲಗೈ ಕೆಳಗಿರಲಿ, ಪಟರ್‌ನ ಮುಖ ಚೆಂಡಿಗೆ ತಗಲುವಾಗ ಗುರಿಗೆ ನೇರವಾಗಿದ್ದರೆ ಆ ಹಿಡಿತವನ್ನು ಹಾಗೆಯೇ ಬಿಟ್ಟುಬಿಡಿ.

ಕಲಿಕೆಯ ಮೊದಲ ವಾರಗಳಲ್ಲಿ ಹೋಲ್‌ನ ಗೊಡವೆಯೇ ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಗುವಿನ ಕೈಗೆ ಚೆಂಡು ಕೊಟ್ಟು, ಗ್ರೀನ್‌ನ ಆಚೆ ಅಂಚಿನತ್ತ ಕೈಯಿಂದಲೇ ಉರುಳಿಸಲು ಹೇಳಿ. ಅಂಚನ್ನು ಮುಟ್ಟುವಷ್ಟು ಹೋಗಬೇಕು, ದಾಟಬಾರದು. ಗೋಲಿ ಆಡುವ ಮಗು ಮೊಣಕೈಯ ಕೋನವನ್ನು ಲೆಕ್ಕಿಸದೆ ಎದುರಿನ ಗೋಲಿಯನ್ನೇ ನೋಡಿ ಹೊಡೆಯುವಂತೆ, ಇಲ್ಲಿಯೂ ಕಣ್ಣು ಕಂಡ ದೂರಕ್ಕೆ ತಕ್ಕ ಬಲವನ್ನು ಕೈ ತಾನಾಗಿ ಹುಡುಕಿಕೊಳ್ಳುತ್ತದೆ. ಅದೇ ಆಟವನ್ನು ಪಟರ್ ಹಿಡಿದು 10, 20, 30 ಅಡಿಗಳಿಗೆ ಮುಂದುವರಿಸಿ. ದೂರ ಹೆಚ್ಚಿದಂತೆ ಪಟರ್ ಹಿಂದಕ್ಕೂ ಮುಂದಕ್ಕೂ ಚಲಿಸುವ ಉದ್ದ ಹೆಚ್ಚಬೇಕೇ ಹೊರತು ಕೊನೆಯ ಗಳಿಗೆಯಲ್ಲಿ ಮಣಿಕಟ್ಟಿನಿಂದ ಕೊಡುವ ಹೊಡೆತದ ಬಲವಲ್ಲ.

ಇದಕ್ಕೆ ಸೇರಿಸಬಹುದಾದ, ನಾನು ಬಹಳವಾಗಿ ನಂಬಿರುವ ಒಂದು ಅಭ್ಯಾಸವಿದೆ. ಮಗು ಪಟ್ ಮಾಡಿದ ತಕ್ಷಣ, ಚೆಂಡು ಉರುಳುತ್ತಿರುವಾಗಲೇ, ತಲೆ ಎತ್ತದೆ ಕಣ್ಣು ಮುಚ್ಚಿಕೊಂಡು ‘ಕಡಿಮೆಯಾಯಿತು’, ‘ಹೆಚ್ಚಾಯಿತು’ ಅಥವಾ ‘ಸರಿಯಿದೆ’ ಎಂದು ಹೇಳಬೇಕು. ಆಮೇಲೆ ಕಣ್ಣು ತೆರೆದು ನೋಡಬೇಕು. ಮೊದಮೊದಲು ಉತ್ತರ ತಪ್ಪುತ್ತಲೇ ಇರುತ್ತದೆ. ದಿನಗಳು ಕಳೆದಂತೆ ಉತ್ತರಕ್ಕೂ ಚೆಂಡು ನಿಂತ ಜಾಗಕ್ಕೂ ಇರುವ ಅಂತರ ಕಿರಿದಾಗತೊಡಗುತ್ತದೆ. ಹೊಡೆತದ ಬಲವನ್ನು ಕೈ ಅರಿಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆ ಇಲ್ಲ. ಈ ಹೊತ್ತಿನಲ್ಲಿ ತರಬೇತುದಾರರು ಬಾಯಿ ತೆರೆಯದಿರುವುದು ಮುಖ್ಯ. ಉತ್ತರ ಮಗುವಿನ ಬಾಯಿಂದಲೇ ಬರಬೇಕು.

ವೇಗಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಹೋಲ್‌ನ ಅಗಲ 4.25 ಇಂಚು, ಚೆಂಡಿನ ಅಗಲ 1.68 ಇಂಚು. ಚೆಂಡು ಮೆಲ್ಲಗೆ ಬಂದರೆ ಹೋಲ್‌ನ ಪೂರ್ತಿ ಅಗಲ ಅದಕ್ಕೆ ದೊರೆಯುತ್ತದೆ, ಅಂಚಿಗೆ ಬಂದದ್ದೂ ಒಳಗೆ ಬೀಳುತ್ತದೆ. ರಭಸದಿಂದ ಬಂದರೆ ನಟ್ಟನಡುವೆ ಬಂದದ್ದು ಮಾತ್ರ ಬೀಳುತ್ತದೆ, ಅಂಚಿಗೆ ತಗಲಿದ್ದು ತಿರುಗಿ ಹೊರಗೆ ಹೋಗುತ್ತದೆ. ಇಳಿಜಾರಿನಲ್ಲಂತೂ ವೇಗ ಬದಲಾದರೆ ಚೆಂಡು ಸಾಗುವ ದಾರಿಯೇ ಬದಲಾಗುತ್ತದೆ. ಇದನ್ನು ವಿವರಿಸುವ ಬದಲು ತೋರಿಸಿ: ಪಕ್ಕಕ್ಕೆ ಇಳಿಜಾರಿರುವ 6 ಅಡಿಯ ಒಂದು ಪಟ್ ಅನ್ನು ಒಮ್ಮೆ ಜೋರಾಗಿ, ಒಮ್ಮೆ ಸಾಧಾರಣವಾಗಿ, ಒಮ್ಮೆ ಹೋಲ್‌ನ ಬಾಯಲ್ಲಿ ನಿಲ್ಲುವಷ್ಟು ಮೆಲ್ಲಗೆ ಮಾಡಲು ಹೇಳಿ, ಪ್ರತಿ ವೇಗಕ್ಕೂ ಗುರಿ ಎಲ್ಲಿರಬೇಕೆಂದು ಮಗುವೇ ಹುಡುಕಿಕೊಳ್ಳಲಿ.

ದಿಕ್ಕಿನ ಅಭ್ಯಾಸ ಇದಾದ ಮೇಲೆ. ಚೆಂಡು ಹೊರಡುವ ದಿಕ್ಕನ್ನು ಹೆಚ್ಚಿನ ಪಾಲು ನಿರ್ಧರಿಸುವುದು ಪಟರ್ ಸಾಗುವ ದಾರಿಯಲ್ಲ, ತಗಲುವ ಕ್ಷಣದಲ್ಲಿ ಅದರ ಮುಖ ಎತ್ತ ನೋಡುತ್ತಿದೆ ಎಂಬುದು. 10 ಅಡಿ ದೂರದ ಪಟ್‌ನಲ್ಲಿ ಚೆಂಡು ಒಂದು ಡಿಗ್ರಿ ಓರೆಯಾಗಿ ಹೊರಟರೂ ಹೋಲ್‌ನ ಬಳಿ ಸುಮಾರು 2 ಇಂಚು ಪಕ್ಕಕ್ಕೆ, ಅಂದರೆ ಹೆಚ್ಚು ಕಡಿಮೆ ಹೋಲ್‌ನ ಅಂಚಿಗೆ ಬಂದು ನಿಲ್ಲುತ್ತದೆ. ಇದಕ್ಕೆ ದುಬಾರಿ ಸಾಧನ ಬೇಕಿಲ್ಲ. ಸಮತಟ್ಟಾದ ಜಾಗದಲ್ಲಿ ಚೆಂಡಿನ ಮುಂದೆ ಒಂದು ಅಡಿ ದೂರದಲ್ಲಿ ಎರಡು ಟೀಗಳನ್ನು (ಮೊದಲ ಹೊಡೆತಕ್ಕೆ ಚೆಂಡನ್ನು ಇಡುವ ಚಿಕ್ಕ ಗೂಟಗಳನ್ನು) ಚೆಂಡಿಗಿಂತ ತುಸು ಅಗಲವಾಗಿ ನೆಟ್ಟು ಬಾಗಿಲಿನಂತೆ ಮಾಡಿ, ಹೋಲ್‌ನಿಂದ 3 ಅಡಿ ದೂರದಲ್ಲಿಟ್ಟ ಚೆಂಡನ್ನು ಅದರ ನಡುವೆ ಹಾಯಿಸಲು ಹೇಳಿ. ಎಡ ಟೀಗೆ ತಗಲುತ್ತಿದೆಯೋ ಬಲ ಟೀಗೋ ಎಂಬುದೇ ಪಟರ್‌ನ ಮುಖ ಎತ್ತ ತಿರುಗಿದೆ ಎಂದು ಹೇಳಿಬಿಡುತ್ತದೆ.

ಗ್ರೀನ್ ಓದುವುದನ್ನು ಪ್ರಶ್ನೆಗಳಿಂದ ಕಲಿಸಿ. ‘ಇಲ್ಲಿ ಒಂದು ಕೊಡ ನೀರು ಸುರಿದರೆ ಎತ್ತ ಹರಿಯುತ್ತದೆ?’ ಎಂದು ಕೇಳಿದರೆ ಎಂಟು ವರ್ಷದ ಮಗುವಿಗೂ ಇಳಿಜಾರು ಕಾಣತೊಡಗುತ್ತದೆ. ಚೆಂಡಿನ ಹಿಂದಿನಿಂದ ನೋಡಿದ ಮೇಲೆ ಇಳಿಜಾರಿನ ತಗ್ಗು ಬದಿಗೂ ಹೋಗಿ ನೋಡಲಿ, ನಡೆಯುವಾಗ ಪಾದಕ್ಕೆ ಏನು ತಿಳಿಯಿತೆಂದು ಹೇಳಲಿ. ಚೆಂಡು ವೇಗ ಕಳೆದುಕೊಂಡಷ್ಟೂ ಹೆಚ್ಚು ತಿರುಗುವುದರಿಂದ ಹೋಲ್‌ನ ಸುತ್ತಲಿನ ಕೊನೆಯ ಕೆಲವು ಅಡಿಗಳನ್ನು ಅತಿ ಎಚ್ಚರದಿಂದ ನೋಡಬೇಕು. ನಮ್ಮಲ್ಲಿ ಸಾಮಾನ್ಯವಾದ ಬರ್ಮುಡಾ ಹುಲ್ಲಿನ ಗ್ರೀನ್‌ಗಳಲ್ಲಿ ಹುಲ್ಲು ಒರಗಿದ ದಿಕ್ಕೂ ಲೆಕ್ಕಕ್ಕೆ ಬರುತ್ತದೆ: ನಮ್ಮೆದುರು ಹೊಳೆಯುವಂತೆ ಕಂಡರೆ ಹುಲ್ಲು ಆಚೆಗೆ ಒರಗಿದೆ, ಚೆಂಡು ಬೇಗ ಸಾಗುತ್ತದೆ; ಕಡುಹಸಿರಾಗಿ ಕಂಡರೆ ನಮ್ಮ ಕಡೆಗೆ ಒರಗಿದೆ, ಚೆಂಡು ನಿಧಾನವಾಗುತ್ತದೆ. ಚಳಿಗಾಲದ ಬೆಳಗ್ಗೆ ಬೇಗ ಹೋದರೆ ಇನ್ನೊಂದು ಅನುಕೂಲವಿದೆ. ಉರುಳಿದ ಚೆಂಡು ಇಬ್ಬನಿಯ ಮೇಲೆ ಕಡುಹಸಿರು ಗೆರೆಯೊಂದನ್ನು ಬಿಟ್ಟುಹೋಗುತ್ತದೆ. ಎಲ್ಲಿಂದ ತಿರುಗತೊಡಗಿತು, ಎಲ್ಲಿ ಹೆಚ್ಚು ಬಾಗಿತು ಎಂಬುದನ್ನು ಮಗು ಆ ಗೆರೆಯ ಪಕ್ಕದಲ್ಲೇ ನಡೆದು ನೋಡಬಹುದು. ಎಷ್ಟು ಬಾರಿ ಹೇಳಿದರೂ ತಲೆಗೆ ಹತ್ತದ ವಿಷಯ ಆ ಒಂದು ಗೆರೆಯಿಂದ ಮನದಟ್ಟಾಗುವುದನ್ನು ಕಂಡಿದ್ದೇನೆ. ಆದರೆ ಒದ್ದೆ ಗ್ರೀನ್ ನಿಧಾನವಾಗಿರುತ್ತದೆ ಎಂಬುದನ್ನು ಜೊತೆಗೇ ತಿಳಿಸಬೇಕು. ಬಿಸಿಲೇರಿದ ಮೇಲೆ ಅದೇ ಪಟ್‌ಗೆ ಬೇರೆಯದೇ ಬಲ ಬೇಕಾಗುತ್ತದೆ.

ಪ್ರಶ್ನೆ ಕೇಳಿ ಕಲಿಸಬೇಕೆಂಬುದಕ್ಕೆ ನಿಯಮದ ಕಾರಣವೂ ಇದೆ. ವೈಯಕ್ತಿಕ ಸ್ಪರ್ಧೆಯ ಸುತ್ತಿನಲ್ಲಿ ಆಟಗಾರರು ತಮ್ಮ ಕ್ಯಾಡಿಯನ್ನು (ಕೋಲುಗಳ ಚೀಲ ಹೊತ್ತು ಜೊತೆಗಿದ್ದು ನೆರವಾಗುವವರನ್ನು) ಬಿಟ್ಟು ಬೇರೆ ಯಾರ ಸಲಹೆಯನ್ನೂ ಕೇಳುವಂತಿಲ್ಲ. ಅಭ್ಯಾಸದಲ್ಲಿ ಪ್ರತಿ ಪಟ್‌ಗೂ ‘ಎರಡು ಇಂಚು ಎಡಕ್ಕೆ’ ಎಂದು ಹೇಳಿಸಿಕೊಂಡು ಬೆಳೆದ ಮಗು ಅಲ್ಲಿ ಒಂಟಿಯಾಗಿ ನಿಂತಾಗ ಹಗ್ಗದಾಚೆ ನಿಂತ ಅಪ್ಪನ ಮುಖ ನೋಡುತ್ತದೆ. ಆದ್ದರಿಂದ ಅಭ್ಯಾಸದಲ್ಲೂ ಮಗುವೇ ಗುರಿ ಆರಿಸಲಿ, ತಪ್ಪಾದರೂ ಆ ಗುರಿಗೇ ಹೊಡೆಯಲಿ. ಚೆಂಡು ಹೋಲ್‌ನ ತಗ್ಗು ಬದಿಯಲ್ಲಿ ತಪ್ಪಿತೋ ಎತ್ತರದ ಬದಿಯಲ್ಲೋ ಎಂದು ಪುಸ್ತಕದಲ್ಲಿ ಬರೆದಿಡಲಿ. ಬಹುತೇಕ ಹೊಸಬರು ತಗ್ಗು ಬದಿಯಲ್ಲೇ ತಪ್ಪುತ್ತಾರೆ. ಅದು ಕಣ್ಣಿಗೆ ಬಿದ್ದ ಮೇಲೆ ಗುರಿಯನ್ನು ಮೇಲಕ್ಕೆ ಸರಿಸುವುದನ್ನು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಒಂದೇ ಜಾಗದಿಂದ ಚೆಂಡಿನ ಮೇಲೆ ಚೆಂಡು ಹೊಡೆಯುವ ಅಭ್ಯಾಸಕ್ಕೆ ಮಿತಿ ಇರಲಿ. ಅಲ್ಲಿ ಎರಡನೆಯ ಚೆಂಡು ಮೊದಲನೆಯದರ ತಪ್ಪನ್ನು ತಿದ್ದುತ್ತದೆ. ಆಟದಲ್ಲಿ ಎರಡನೆಯ ಅವಕಾಶವಿಲ್ಲ. ಟೀ ಬಾಗಿಲಿನ ಅಭ್ಯಾಸ ಮುಗಿದ ಮೇಲೆ ಒಂದೇ ಚೆಂಡು ಕೊಟ್ಟು, ಪ್ರತಿ ಬಾರಿ ಬೇರೆ ಹೋಲ್‌ಗೆ, ಬೇರೆ ದೂರದಿಂದ, ಕೊನೆಯವರೆಗೂ ಆಡಿ ಮುಗಿಸಲು ಹೇಳಿ. ಪ್ರತಿ ಪಟ್‌ಗೂ ನಡೆದು ನೋಡುವುದು, ನಿಲ್ಲುವುದು, ಒಮ್ಮೆ ಹೋಲ್ ನೋಡಿ ಹೊಡೆಯುವುದು ಎಂಬ ಕ್ರಮ ಒಂದೇ ತೆರನಾಗಿರಲಿ. ಒಂದು ಹೊಡೆತವನ್ನು 40 ಸೆಕೆಂಡುಗಳೊಳಗೆ ಮುಗಿಸಬೇಕೆಂದು ನಿಯಮಗಳೇ ಶಿಫಾರಸು ಮಾಡುವುದರಿಂದ ಈ ಕ್ರಮ ಚಿಕ್ಕದಾಗಿರಬೇಕು.

ತಪ್ಪಿದ ಪಟ್‌ಗಳ ಬಗ್ಗೆ ಮಗುವನ್ನು ಹೋಲಿಕೆಯಿಂದ ನೋಯಿಸಬೇಡಿ. ಜಗತ್ತಿನ ಅಗ್ರ ವೃತ್ತಿಪರರೂ 8 ಅಡಿಯ ಪಟ್‌ಗಳಲ್ಲಿ ಸರಿಸುಮಾರು ಅರ್ಧದಷ್ಟನ್ನು ಕಳೆದುಕೊಳ್ಳುತ್ತಾರೆ. ಈ ಸಂಗತಿ ತಿಳಿದ ಮಗು ತಪ್ಪಿದ ಪಟ್‌ಗೆ ಅಳುವುದು ಕಡಿಮೆಯಾಗುತ್ತದೆ, ತಿಳಿದ ತಂದೆತಾಯಿ ಗದರುವುದೂ ಕಡಿಮೆಯಾಗುತ್ತದೆ. 3 ಅಡಿಯ ಒಳಗಿನದು ಬೇರೆ ಮಾತು. ಅದನ್ನು ಹೋಲ್‌ನ ಸುತ್ತ ನಾಲ್ಕೂ ಬದಿಗಳಿಂದ ದಿನವೂ ಮಾಡಿಸಬೇಕು.

ಸ್ಪರ್ಧೆಯ ದಿನ ಬೆಳಗ್ಗೆ ಏನನ್ನೂ ತಿದ್ದಬೇಡಿ. ಆ ದಿನದ ಗ್ರೀನ್ ಎಷ್ಟು ವೇಗವಾಗಿದೆ ಎಂದು ತಿಳಿಯಲು ಹೋಲ್ ಬಿಟ್ಟು ದೂರದ ಕೆಲವು ಪಟ್‌ಗಳನ್ನು ಏರಿನಲ್ಲೂ ಇಳಿಜಾರಿನಲ್ಲೂ ಮಾಡಿಸಿ, ನಂತರ 2 ಅಡಿಯಿಂದ ನಾಲ್ಕಾರು ಚೆಂಡುಗಳನ್ನು ಹೋಲ್‌ಗೆ ಹಾಕಿಸಿ, ಮಗುವನ್ನು ಮೊದಲ ಟೀಗೆ ಕಳುಹಿಸಿ.