ಒಂದು ವಾರ ಮನೆಯ ಕೆಲಸದ ಲೆಕ್ಕ ಬರೆದು ನೋಡಿ

ನಮ್ಮದು ಕೊಡಗಿನ ವಿರಾಜಪೇಟೆ ಹತ್ತಿರ ಮೂರು ಎಕರೆ ರೋಬಸ್ಟಾ ಕಾಫಿ ತೋಟ. ಆಳುಗಳ ಕೂಲಿ ಲೆಕ್ಕ ಬರೆಯೋದು ನಾನೇ. ಹೋದ ವರ್ಷ ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಮನೆಯ ಕೆಲಸವನ್ನೂ ಬರೆದೆ. ಗಂಡು ಹೆಣ್ಣು ಅನ್ನೋದರಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ನಾವೇ ಕಟ್ಟಿಕೊಂಡದ್ದೆಷ್ಟು ಅಂತ ಆಗ ಗೊತ್ತಾಯಿತು.

ಜನವರಿಯ ಕಾಫಿ ಕೊಯ್ಲಿನ ವಾರ ಹಿಡಿಯಿರಿ. ನಾಲ್ಕು ಕಾಲಂ ಸಾಕು: ಹೊತ್ತು, ಕೆಲಸ, ಮಾಡಿದವರು, ದುಡ್ಡು ಬಂತಾ. ರಾತ್ರಿ ಕೂತು ಬರೆದರೆ ಅರ್ಧ ಮರೆತಿರುತ್ತೆ. ಪೆನ್ನನ್ನು ಅಡಿಗೆಮನೆ ಕಿಟಕಿಗೆ ಕಟ್ಟಿಬಿಡಿ.

'ಸುಮ್ನೆ ಕೂತಿದ್ದೆ' ಅಂದವರನ್ನು ಬಿಡಬೇಡಿ. ನಮ್ಮತ್ತೆ ಹಾಗೆ ಹೇಳಿದಾಗ ಮಡಿಲಲ್ಲಿ ಮೊರ ಇತ್ತು, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಐವತ್ತು ನಿಮಿಷ ಅಂತ ಬರೆದೆ. "ಇದೂ ಒಂದು ಕೆಲಸವಾ ಮಾರಾಯ್ತಿ?" ಅಂದರು.

'ಭಾರದ ಕೆಲಸ' ಅನ್ನೋ ಮಾತಿಗೂ ಒಂದು ಗುರುತು ಹಾಕಿ. ಕಾಫಿ ಮೂಟೆ ಹೊತ್ತರೆ ಭಾರ. ಲೈನ್ ಮನೆಯ, ಅಂದರೆ ತೋಟದ ಆಳುಗಳ ಸಾಲುಮನೆಯ, ಹೆಂಗಸರು ಸಂಜೆ ಸೌದೆ ಹೊರೆ ಹೊತ್ತು ಏರು ಹತ್ತಿದರೆ ಅದು ಭಾರ ಅಲ್ವಾ?

ಕೂಲಿ ಪುಟಕ್ಕೆ ಬನ್ನಿ. ನಮ್ಮಲ್ಲಿ ಕೂಲಿಗೆ ಬರೋ ಗಂಡ ಹೆಂಡತಿಯಲ್ಲಿ, ಕೆಜಿ ಲೆಕ್ಕದಲ್ಲಿ ಕಾಫಿ ಹಣ್ಣು ಕೊಯ್ದ ದಿನ ಹೆಂಡತಿಯೇ ಗಂಡನಿಗಿಂತ ಜಾಸ್ತಿ ದುಡಿದಿದ್ದಳು. ದಿನಗೂಲಿಗೆ ಬಂದ ದಿನ ಅವಳಿಗೇ ಕಡಿಮೆ. ಬರೆದವಳು ನಾನೇ, ನಾಚಿಕೆಯಾಯಿತು. ಸಮಾನ ಕೆಲಸಕ್ಕೆ ಸಮಾನ ಕೂಲಿ ಅನ್ನೋ ಕಾಯ್ದೆ 1976ರಲ್ಲೇ ಬಂದಿತ್ತು. ಈಗ ಸರಿ ಮಾಡಿದ್ದೇನೆ. ಕಾಳುಮೆಣಸು ಕೊಯ್ಯೋರಿಗೆ ಕೂಲಿ ಹೆಚ್ಚು, ಏಣಿ ಹತ್ತಬೇಕು. ಹೆಂಗಸರಿಗೆ ಹತ್ತಲು ಬರಲ್ಲ ಅಂತಾರೆ. ಹತ್ತನೇ ವಯಸ್ಸಿನಲ್ಲಿ ಪೇರಳೆ ಮರದಿಂದ ನನ್ನನ್ನು ಬೈದು ಇಳಿಸಿದ್ದರು, ತಮ್ಮ ಮೇಲೇ ಇದ್ದ. ಇನ್ನೆಲ್ಲಿಂದ ಬರಬೇಕು? ಕೋವಿಯ ವಿಷಯದಲ್ಲೂ ಹೀಗೇ ಅನ್ನುತ್ತಿದ್ದರು. ಈಗ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದಲ್ಲಿ ಹೆಣ್ಣುಮಕ್ಕಳೂ ತೆಂಗಿನಕಾಯಿಗೆ ಗುರಿ ಇಡುತ್ತಾರೆ.

ಏಳನೇ ದಿನ ಕೂಡಿಸಿ, ದಿನದ ಸರಾಸರಿ ತೆಗೆಯಿರಿ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರ ಸರಾಸರಿ ದಿನಕ್ಕೆ 299 ನಿಮಿಷ, ಮನೆಗೆಲಸ ಮಾಡುವ ಗಂಡಸರದ್ದು 97. ನನ್ನದು 370 ಬಂತು, ನಮ್ಮ ಯಜಮಾನರದ್ದು 25.

ಪುಸ್ತಕ ಬಚ್ಚಿಡಬೇಡಿ, ಊಟದ ಮೇಜಿನ ಮೇಲೇ ಇರಲಿ. ಐದನೇ ದಿನ ಇವರು ತಾವೇ ಪೆನ್ನು ತಗೊಂಡು ದಪ್ಪ ಅಕ್ಷರದಲ್ಲಿ 'ಪಾತ್ರೆ ತೊಳೆದದ್ದು, 20 ನಿಮಿಷ' ಅಂತ ಬರೆದರು. ಇದ್ದದ್ದು ಮೂರು ಲೋಟ. ನಾನು ಅಳಿಸಲಿಲ್ಲ.