160 ಮೀಟರ್ ಬ್ಯಾಂಡ್‌ನಲ್ಲಿ ದೂರದ ಸಿಗ್ನಲ್ ಹಿಡಿಯುವುದು ಹೇಗೆ?

160 ಮೀಟರ್ ಅಂದರೆ ಹವ್ಯಾಸಿ (ಹ್ಯಾಮ್) ರೇಡಿಯೋದ ಒಂದು ಬ್ಯಾಂಡ್, 1.8 ಮೆಗಾಹರ್ಟ್ಸ್ ಆಸುಪಾಸು. ಹಗಲಲ್ಲಿ ಅಯಾನುಗೋಳದ (ವಾತಾವರಣದ ಮೇಲಿನ, ವಿದ್ಯುದಾವೇಶದ ಭಾಗ) ಕೆಳಗಿನ ಡಿ ಪದರ ಸಿಗ್ನಲ್ಲನ್ನು ನುಂಗಿಬಿಡುತ್ತದೆ. ಕತ್ತಲಾದ ಮೇಲೆ ಕೂರಬೇಕು. ನಾನಂತೂ ಸೂರ್ಯ ಹುಟ್ಟುವ ಮುಂಚಿನ ಅರ್ಧ ಗಂಟೆಯನ್ನು ಬಿಡುವುದೇ ಇಲ್ಲ. ದೂರದ ಸಿಗ್ನಲ್ ಆಗ ಇದ್ದಕ್ಕಿದ್ದಂತೆ ಮೇಲೇಳಬಹುದು, ಕೆಲವೇ ನಿಮಿಷದಲ್ಲಿ ಮಾಯವೂ ಆಗಬಹುದು.

ಕೇಳುವುದಕ್ಕೇ ಬೇರೆ ಆಂಟೆನಾ ಇರಲಿ. ಕಳಿಸುವ ಆಂಟೆನಾ ಗದ್ದಲವನ್ನೂ ಜಾಸ್ತಿ ಎಳೆಯುತ್ತದೆ, ಅಲ್ವಾ? ಜಾಗವಿದ್ದರೆ ಬೆವರೇಜ್ ತಂತಿ (ನೆಲಕ್ಕೆ ಹತ್ತಿರ ಉದ್ದಕ್ಕೆ ಎಳೆದ ಆಂಟೆನಾ), ಇಲ್ಲದಿದ್ದರೆ ಸಣ್ಣ ಲೂಪ್, ಅಂದರೆ ಬಳೆಯಂತೆ ಸುತ್ತಿದ ತಂತಿ. ಲೂಪನ್ನು ನಿಧಾನಕ್ಕೆ ತಿರುಗಿಸಿ. ಹತ್ತಿರದ ಚಾರ್ಜರ್ ಗದ್ದಲ ಒಂದು ಕೋನದಲ್ಲಿ ತಟ್ಟನೆ ಕುಗ್ಗುತ್ತದೆ. ಅಲ್ಲೇ ನಿಲ್ಲಿಸಿ.

ಮೋರ್ಸ್ ಕೇಳಲು ರಿಸೀವರ್‌ನ ಫಿಲ್ಟರ್ ಅಗಲವನ್ನು 250 ಹರ್ಟ್ಸ್‌ಗೆ ಇಳಿಸಿ, ಆರ್‌ಎಫ್ ಗೇನ್ (ಬರುವ ಸಿಗ್ನಲ್ಲನ್ನು ಹಿಗ್ಗಿಸುವ ಮಟ್ಟ) ತಗ್ಗಿಸಿ. ಕಾಲ್‌ಸೈನ್ (ಕಳಿಸುವವರ ಗುರುತಿನ ಅಕ್ಷರ-ಅಂಕಿ) ಅರ್ಧ ಕೇಳಿ ಮುಳುಗಿತೇ? ಡಯಲ್ ಮುಟ್ಟಬೇಡಿ. ಸಿಕ್ಕ ಅಕ್ಷರಗಳನ್ನು ಬರೆದಿಟ್ಟುಕೊಂಡು ಸುಮ್ನೆ ಕಾಯಿರಿ, ಮುಂದಿನ ಏರಿಕೆಯಲ್ಲಿ ಉಳಿದದ್ದು ಸಿಗಬಹುದು.