ಪ್ರೈಮರಿ ಮುಗಿಯಿತು, ಪಾಶಾಸನ ಯಾವಾಗ?

ಆಸನಗಳು ನಿಗದಿತ ಸರಣಿಗಳಲ್ಲಿ ಬರುವ ಅಷ್ಟಾಂಗ ವಿನ್ಯಾಸ ಯೋಗದಲ್ಲಿ ಮುಂದಿನ ಆಸನವನ್ನು ನಾವು ಆರಿಸಿಕೊಳ್ಳುವ ಹಾಗಿಲ್ಲ, ಗುರುಗಳು ‘ಕೊಡಬೇಕು’. ಹಾಗಾಗಿ ಮೊದಲ ಸರಣಿಯಾದ ಪ್ರೈಮರಿ ಸೀರೀಸ್‌ನ ಕೊನೆಯ ಸೇತುಬಂಧಾಸನ ಮುಟ್ಟಿದವರಿಗೆಲ್ಲ ಒಂದು ಸಣ್ಣ ಮುನಿಸು: ಕುಕ್ಕರಗಾಲಿನಲ್ಲಿ ಕೂತು ಮೈ ತಿರುಚುವ ಪಾಶಾಸನದಿಂದ ಶುರುವಾಗುವ ಸೆಕೆಂಡ್ ಸೀರೀಸ್ ಇನ್ನೂ ಯಾಕೆ ಶುರು ಮಾಡಿಸುತ್ತಿಲ್ಲ?

ಕಾರಣ ಎರಡು ಸರಣಿಗಳ ಸ್ವಭಾವದಲ್ಲೇ ಇದೆ. ಟಿ. ಕೃಷ್ಣಮಾಚಾರ್ಯರ ಶಿಷ್ಯ, ಮೈಸೂರಿನ ಕೆ. ಪಟ್ಟಾಭಿ ಜೋಯಿಸರು (1915–2009) ಕಲಿಸಿದ ಕ್ರಮದಲ್ಲಿ ಮೊದಲನೆಯದು ಯೋಗ ಚಿಕಿತ್ಸಾ, ಎರಡನೆಯದು ನಾಡಿ ಶೋಧನ. ಮೊದಲನೆಯದರಲ್ಲಿ ಹೆಚ್ಚಿನದೆಲ್ಲ ಮುಂದಕ್ಕೆ ಬಾಗುವ ಆಸನಗಳು. ಎರಡನೆಯದು ಪಾಶಾಸನ, ಕ್ರೌಂಚಾಸನ ದಾಟಿದ ಕೂಡಲೇ ಶಲಭಾಸನದಿಂದ ಕಪೋತಾಸನದವರೆಗೆ ಒಂದೇ ಸಮನೆ ಹಿಂದಕ್ಕೆ ಬಾಗಿಸುತ್ತದೆ. ವರ್ಷಗಟ್ಟಲೆ ಮಡಚಿ ಪಳಗಿದ ಮೈಯನ್ನು ಈಗ ತೆರೆಯಬೇಕು. ಪಶ್ಚಿಮೋತ್ತಾನಾಸನದಲ್ಲಿ ಹಣೆ ಮೊಣಕಾಲಿಗೆ ತಾಗುತ್ತದೆ ಎಂಬುದು ಇಲ್ಲಿ ಹೆಚ್ಚೇನೂ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ಉಸಿರು ಎಣಿಸಿ

ಸೂರ್ಯ ನಮಸ್ಕಾರದ ಎರಡು ಬಗೆಗಳಲ್ಲಿ ‘ಎ’ಯಲ್ಲಿ 9 ವಿನ್ಯಾಸ (ಉಸಿರಿಗೆ ಹೊಂದಿಸಿದ ಚಲನೆ), ‘ಬಿ’ಯಲ್ಲಿ 17. ಪ್ರತಿ ಚಲನೆಗೂ ಒಂದು ಪೂರಕ (ಉಸಿರೆಳೆತ) ಇಲ್ಲವೇ ಒಂದು ರೇಚಕ (ಉಸಿರು ಬಿಡುವುದು) ಹೊಂದುತ್ತಿದೆಯೇ ನೋಡಿ. ಆಮೇಲೆ ನಾವಾಸನ, ಭುಜಪೀಡಾಸನ, ಸುಪ್ತ ಕೂರ್ಮಾಸನಗಳಿಗೆ ಬನ್ನಿ. ಇಷ್ಟದ ಆಸನದಲ್ಲಿ ಐದು ಉಸಿರು ಎಂಟಾಗುತ್ತದೆ, ಕಷ್ಟದ್ದರಲ್ಲಿ ಮೂರಕ್ಕೇ ಐದು ಎಣಿಸಿ ಮುಗಿಸುತ್ತೇವೆ. ಈ ಕಳ್ಳ ಲೆಕ್ಕ ಎಲ್ಲರದ್ದೂ ಇದೆ, ನನ್ನದೂ ಇದೆ. ಎರಡೂ ಕಡೆ ಎಣಿಕೆ ಒಂದೇ ಆಗುವವರೆಗೆ ಪ್ರೈಮರಿ ಮುಗಿದಿಲ್ಲ ಎಂದೇ ಇಟ್ಟುಕೊಳ್ಳಿ. ಮುಂದಿನ ಆಸನ ಯಾವುದೆಂದು ಪಕ್ಕದವರನ್ನು ನೋಡಿ ತಿಳಿಯುವ ಸ್ಥಿತಿಯಿದ್ದರೂ ಅಷ್ಟೇ.

ನಿಜವಾದ ಹೊಸ್ತಿಲು

ಅಂಗೈ, ಪಾದ ಊರಿ ಮೈಯನ್ನು ಕಮಾನಿನಂತೆ ಎತ್ತುವ ಊರ್ಧ್ವ ಧನುರಾಸನದಿಂದ ಎದ್ದು ನಿಲ್ಲುವುದು, ನಿಂತಲ್ಲಿಂದ ಹಿಂದಕ್ಕೆ ಬಾಗಿ ಕೈ ಊರುವುದು. ‘ಡ್ರಾಪ್ ಬ್ಯಾಕ್’ ಎನ್ನುವ ಇದು ಬಂದ ಮೇಲೆಯೇ ಬಹುತೇಕ ಶಿಕ್ಷಕರು ಪಾಶಾಸನ ಕೊಡುವುದು.

ಗೋಡೆಗೆ ಬೆನ್ನು ಮಾಡಿ, ಎರಡು ಅಡಿಯಷ್ಟು ದೂರ ನಿಲ್ಲಿ. ಪಾದಗಳ ನಡುವೆ ಸೊಂಟದಗಲ ಅಂತರವಿರಲಿ, ಬೆರಳುಗಳು ಹೊರಕ್ಕೆ ತಿರುಗದಿರಲಿ. ಉಸಿರೆಳೆದು ಎದೆಯನ್ನು ಮೇಲಕ್ಕೆತ್ತಿ. ಎತ್ತಿದ ಮೇಲೆ ಬಾಗುವುದು, ಈ ಕ್ರಮ ತಪ್ಪಬಾರದು. ತೊಡೆಗಳನ್ನು ಮುಂದಕ್ಕೆ ಒತ್ತುತ್ತಾ ಕೈಗಳನ್ನು ಗೋಡೆಗೆ ತಾಗಿಸಿ, ಒಂದೊಂದೇ ಗೇಣು ಕೆಳಗಿಳಿಸಿ. ತೂಕ ಕಾಲಿನಲ್ಲೇ ಇರಬೇಕು. ಗೋಡೆಯ ಮೇಲೆ ಬಿತ್ತೆಂದರೆ ಅಲ್ಲಿಗೆ ನಿಲ್ಲಿಸಿ.

ಏಳುವುದು ಇನ್ನೊಂದು ಕಥೆ. ನೆಲದ ಮೇಲೆ ಊರ್ಧ್ವ ಧನುರಾಸನದಲ್ಲಿದ್ದಾಗ ಕೈಗಳನ್ನು ಪಾದದ ಕಡೆಗೆ ನಡೆಸಿ, ಮುಂದಕ್ಕೂ ಹಿಂದಕ್ಕೂ ನಿಧಾನವಾಗಿ ತೂಗಿ. ಮಂಡಿ ಮುಂದಕ್ಕೆ ಹೋದಾಗ ಅಂಗೈ ಹಗುರಾಗುತ್ತದೆ. ಆ ಹಗುರವನ್ನು ಮೈ ಗುರುತಿಸಲು ವಾರಗಳೇ ಹಿಡಿಯಬಹುದು. ಕೈ ಬಿಡುವುದು ಉಸಿರೆಳೆಯುವಾಗ. ತಲೆ ಕಟ್ಟಕಡೆಗೆ ಬರಲಿ. ಅವಸರಪಟ್ಟು ತಲೆಯನ್ನು ಮೊದಲು ಎತ್ತಿದರೆ ಸಮತೋಲ ತಪ್ಪಿ ಮತ್ತೆ ಹಿಂದಕ್ಕೇ ಬೀಳುತ್ತೀರಿ.

ತೊಡೆಯ ಮುಂಭಾಗ ಎಳೆದರೆ ಸರಿ. ಸೊಂಟದಲ್ಲಿ ಒಂದೇ ಜಾಗಕ್ಕೆ ಚಿಮುಟಿದಂತೆ ನೋವು ಬಂದರೆ ಸರಿಯಲ್ಲ: ತೊಡೆಸಂದು, ಭುಜ ಬಿಗಿಯಾಗಿದ್ದು ಬಾಗುವ ಕೆಲಸವನ್ನೆಲ್ಲ ಸೊಂಟವೊಂದೇ ಹೊರುತ್ತಿರಬಹುದು. ಗೋಡೆಯ ಬುಡಕ್ಕೆ ಒಂದು ಮಂಡಿಯೂರಿ, ಆ ಕಾಲಿನ ಪಾದವನ್ನು ಗೋಡೆಗೆ ಮೇಲ್ಮುಖವಾಗಿ ಆನಿಸಿ, ಇನ್ನೊಂದು ಪಾದವನ್ನು ಮುಂದಿಟ್ಟು ಕೂರುವುದು ತೊಡೆಸಂದು ಸಡಿಲಿಸಲು ಒಳ್ಳೆಯ ಉಪಾಯ. ಸರಣಿಯ ಹೊರಗಿನ ಇಂಥ ತಯಾರಿಯನ್ನು ಕೆಲವು ಶಿಕ್ಷಕರು ಒಪ್ಪುವುದಿಲ್ಲ, ಕೇಳಿಯೇ ಮಾಡಿ. ಡಿಸ್ಕ್ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ.

ಒಂದೊಂದೇ ಸೇರಿಸಿ

ಹೊಸ ಆಸನ ಬರುವುದು ಪ್ರೈಮರಿ ಪೂರ್ತಿ ಮುಗಿದ ಮೇಲೆ, ಊರ್ಧ್ವ ಧನುರಾಸನಕ್ಕೆ ಮೊದಲು. ಪಾಶಾಸನದಲ್ಲಿ ಹಿಮ್ಮಡಿ ನೆಲಕ್ಕೆ ಕೂರದಿದ್ದರೆ ಮ್ಯಾಟ್‌ನ ತುದಿ ಸುತ್ತಿ ಅಡಿಗಿಡಿ. ಹೀಗೆ ಸೇರುತ್ತಾ ಹೋದಂತೆ ಅಭ್ಯಾಸ ಎರಡು ಗಂಟೆ ಮೀರುತ್ತದೆ, ಸುಸ್ತಾಗುತ್ತದೆ, ತಪ್ಪಿಸುವಂತಿಲ್ಲ. ಒಂದು ಹಂತದಲ್ಲಿ ಗುರುಗಳೇ ಪ್ರೈಮರಿಯನ್ನು ಬೇರ್ಪಡಿಸಿ, ನಿಂತು ಮಾಡುವ ಆಸನಗಳಾದ ಮೇಲೆ ನೇರವಾಗಿ ಸೆಕೆಂಡ್‌ಗೆ ಹೋಗಲು ಹೇಳುತ್ತಾರೆ. ಯಾವ ಆಸನದ ನಂತರ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಆಮೇಲೂ ವಾರಕ್ಕೊಂದು ದಿನ, ವಾಡಿಕೆಯಂತೆ ಶುಕ್ರವಾರ, ಪ್ರೈಮರಿ ಮಾತ್ರ. ವಾರದಲ್ಲಿ ಒಂದು ದಿನ, ಜೊತೆಗೆ ಹುಣ್ಣಿಮೆ, ಅಮಾವಾಸ್ಯೆಗಳಂದು ರಜೆ.

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಮಂಡಿಯೂರಿ ಹಿಂದಕ್ಕೆ ಬಾಗುವ ಲಘುವಜ್ರಾಸನದಲ್ಲಿ. ತಲೆಯನ್ನು ನೆಲಕ್ಕೆ ತಾಗಿಸುವುದು ಸುಲಭ, ಐದು ಉಸಿರಿನ ನಂತರ ತೊಡೆಯ ಬಲದಿಂದ ಏಳುವುದು ಸುಲಭವಲ್ಲ. ಏಳಲು ಆಗುವಷ್ಟೇ ಇಳಿಯಿರಿ, ದಿನಕ್ಕೊಂದು ಬೆರಳಗಲ ಹೆಚ್ಚಿಸಿದರೂ ಸಾಕು. ಕೈ ಊರಿ ಎದ್ದ ದಿನ ಕಪೋತಾಸನದ ಗೋಜಿಗೆ ಹೋಗದೆ ಅಲ್ಲಿಂದಲೇ ಊರ್ಧ್ವ ಧನುರಾಸನಕ್ಕೆ ಬನ್ನಿ.